ಟ್ರಾನ್ಸ್‌ಫಾರ್ಮರಿನ ಪೂರ್ವೋತ್ತರ

ವಾಚಕರೆ, ಹಳೆಯ ವಾಲ್ವ್ ರೇಡಿಯೋ ಒಂದನ್ನು ತಾವು ಹಿಂಬದಿಯಿಂದ ನೋಡಿದ್ದುಂಟೆ? ಮುಂಭಾಗದ ಶೋಭೆಯೇ ಬೇರೆ: ಮೆರುಗು ಹಚ್ಚಿದ ಮರ, ಜರಿಯ ಬಟ್ಟೆ, ಊರುಗಳ ಹೆಸರು ಬರೆದ ಗಾಜಿನ ಫಲಕ. ಹಿಂದಿನ ರಟ್ಟನ್ನು ತೆಗೆದರೆ ಸಾಲಾಗಿ ನಿಂತ ಗಾಜಿನ ವಾಲ್ವುಗಳು ಕೆಂಪಗೆ ಮಿನುಗುತ್ತ ಕಣ್ಣನ್ನು ಸೆಳೆಯುತ್ತವೆ. ಒಂದು ಮೂಲೆಯಲ್ಲಿ ಮಾತ್ರ, ಮದುವೆಮನೆಯಲ್ಲಿ ಕೋಣೆಯಿಂದ ಹೊರಗೆ ಬಾರದ ಅಡುಗೆಯವನಂತೆ, ಕಪ್ಪು ಕಬ್ಬಿಣದ ಒಂದು ಗಡ್ಡೆ ಕುಳಿತಿರುತ್ತದೆ. ಪೆಟ್ಟಿಗೆಯ ಭಾರದಲ್ಲಿ ದೊಡ್ಡ ಪಾಲು ಅದರದೇ. ಹಾಡನ್ನು ಕೇಳಿದವರು ವಾಲ್ವನ್ನು ಹೊಗಳುತ್ತಾರೆ, ಸ್ಪೀಕರನ್ನು ಹೊಗಳುತ್ತಾರೆ. ಎಲ್ಲರಿಗೂ ಅನ್ನ ಬಡಿಸಿದ ಆ ಗಡ್ಡೆಯನ್ನು ಕೇಳುವವರಿಲ್ಲ. ಅದರ ಹೆಸರು ಪವರ್ ಟ್ರಾನ್ಸ್‌ಫಾರ್ಮರ್. ಈ ತಿಂಗಳು ಅದರ ಪೂರ್ವೋತ್ತರವನ್ನು ತಮ್ಮ ಮುಂದೆ ನಿವೇದಿಸಬೇಕೆಂದಿದ್ದೇನೆ.

ಕನ್ನಡ ಪಂಡಿತನಿಗೆ ಈ ಉಸಾಬರಿ ಏಕೆಂದು ತಾವು ಕೇಳಬಹುದು. ನಮ್ಮ ತಂದೆಯವರು ರೇಡಿಯೋ ರಿಪೇರಿಯ ಸಣ್ಣ ಅಂಗಡಿ ಇಟ್ಟಿದ್ದರು. ಹಳಗನ್ನಡ ವ್ಯಾಕರಣದ ಸೂತ್ರಗಳನ್ನು ನಾನು ಬಾಯಿಪಾಠ ಮಾಡಿದ್ದು ಬೆಸುಗೆಯ ಹೊಗೆಯ ನಡುವೆಯೇ. ಈ ಸಂಗತಿ ತಿಳಿದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವರ್ಷ ಮನೆಗೆ ಬಂದ. ಒಳ್ಳೆಯ ಗಿಟಾರ್ ವಾದಕ. ಅಮೆರಿಕದಲ್ಲಿ 1950ರ ದಶಕದಲ್ಲಿ ತಯಾರಾಗುತ್ತಿದ್ದ ಮಾದರಿಯ ವಾಲ್ವ್ ಆಂಪ್ಲಿಫೈಯರನ್ನು ತನ್ನ ಕೈಯಿಂದಲೇ ಕಟ್ಟಬೇಕೆಂಬ ಹಂಬಲ ಅವನಿಗೆ. ಮಿಕ್ಕ ಸಾಮಾನೆಲ್ಲ ಕೂಡಿತ್ತು. ಟ್ರಾನ್ಸ್‌ಫಾರ್ಮರ್ ಮಾತ್ರ ನಿಶ್ಚಯವಾಗಿರಲಿಲ್ಲ. ಅವನ ಮುಂದೆ ಮೂರು ದಾರಿಗಳಿದ್ದವು. ಅಮೆರಿಕದಲ್ಲಿರುವ ಚಿಕ್ಕಪ್ಪ ಕಳುಹಿಸಿದ್ದ, ಅಲ್ಲಿಯ 120 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಒಂದು. ಬೆಂಗಳೂರಿನಲ್ಲಿ ಹೊಸದಾಗಿ ಸುತ್ತಿಸುವುದು ಇನ್ನೊಂದು. ಮೂರನೆಯದನ್ನು ಹೇಳುವಾಗ ಅವನ ದನಿ ತಗ್ಗಿತು.

“ಮೇಷ್ಟ್ರೇ, ನಮ್ಮ ತಾತನ ರೇಡಿಯೋ ಇದೆ. ಹಾಡಿ ಎಷ್ಟೋ ವರ್ಷವಾಯಿತು. ಬಿಚ್ಚಿ ಅದರದ್ದೇ ತೆಗೆದುಕೊಳ್ಳಲೇ? ಅಜ್ಜಿ ಮಾತ್ರ ಬೇಡ ಅಂತಾರೆ.”

ಅಂದು ಅವನಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ. ಈ ಪ್ರಶ್ನೆಗೆ ಉತ್ತರ ಅಂಗಡಿಯ ಪಟ್ಟಿಯಲ್ಲಿಲ್ಲ, ಇತಿಹಾಸದಲ್ಲಿದೆ.

ಮೊದಲು ಹೆಸರಿನ ವಿಚಾರ. ನಮ್ಮ ಪಠ್ಯಪುಸ್ತಕಗಳು ಇದನ್ನು ಪರಿವರ್ತಕವೆಂದು ಕರೆಯುತ್ತವೆ. ಶಬ್ದವೇನೋ ಸರಿಯಾಗಿದೆ, ಆದರೆ ಪರಿವರ್ತನೆಯಾಗುವುದು ಯಾವುದು ಎಂಬುದನ್ನು ತಿಳಿಯಬೇಕು. ಟ್ರಾನ್ಸ್‌ಫಾರ್ಮರ್ ಶಕ್ತಿಯನ್ನು ಹುಟ್ಟಿಸುವುದಿಲ್ಲ. ವೋಲ್ಟನ್ನು ಏರಿಸಿದರೆ ಆಂಪಿಯರನ್ನು ಅದೇ ಪ್ರಮಾಣದಲ್ಲಿ ಇಳಿಸುತ್ತದೆ. ವೋಲ್ಟನ್ನು ಇಳಿಸಿದರೆ ಆಂಪಿಯರನ್ನು ಏರಿಸಲು ಎಡೆ ಕೊಡುತ್ತದೆ. ನೂರು ರೂಪಾಯಿಯ ನೋಟಿಗೆ ಚಿಲ್ಲರೆ ಕೊಡುವ ಶೆಟ್ಟರಂತೆ, ರೂಪ ಬೇರೆ, ಮೊತ್ತ ಒಂದೇ. ನಡುವೆ ಸ್ವಲ್ಪ ಬಟ್ಟ ಹಿಡಿಯುವುದೂ ಉಂಟು. ಆ ಬಟ್ಟವೇ ಕಬ್ಬಿಣ ಬಿಸಿಯಾಗಿ ತೋರುವ ಶಾಖ.

1831ನೆಯ ಇಸವಿಯ ಆಗಸ್ಟ್ 29ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೇಲ್ ಫ್ಯಾರಡೆ ಒಂದು ಕಬ್ಬಿಣದ ಬಳೆಯ ಎರಡು ಪಕ್ಕಗಳಿಗೆ ಎರಡು ಪ್ರತ್ಯೇಕ ತಂತಿಯ ಸುರುಳಿಗಳನ್ನು ಸುತ್ತಿದನು. ಒಂದು ಸುರುಳಿಗೆ ಬ್ಯಾಟರಿಯನ್ನು ಸೇರಿಸಿದಾಗ, ಅದಕ್ಕೆ ತಾಗದೆಯೇ ಇದ್ದ ಇನ್ನೊಂದು ಸುರುಳಿಯಲ್ಲಿ ವಿದ್ಯುತ್ತು ಒಂದು ಕ್ಷಣ ಮಿಡಿಯಿತು. ಬ್ಯಾಟರಿಯನ್ನು ಕಳಚಿದಾಗ ಮತ್ತೆ ಮಿಡಿಯಿತು. ನಡುವೆ, ಪ್ರವಾಹ ಸಮವಾಗಿ ಹರಿಯುತ್ತಿರುವಾಗ ಏನೂ ಇಲ್ಲ! ಬದಲಾವಣೆಯೇ ಅದಕ್ಕೆ ಜೀವ. ಆದ್ದರಿಂದಲೇ ದಿಕ್ಕು ಬದಲಿಸುತ್ತಲೇ ಇರುವ ಎ.ಸಿ. ವಿದ್ಯುತ್ತಿನಿಂದ ಮಾತ್ರ ಟ್ರಾನ್ಸ್‌ಫಾರ್ಮರ್ ನಡೆಯುತ್ತದೆ. ತಂತಿ ತಂತಿಗೆ ತಾಗದೆ ಶಕ್ತಿ ದಾಟುತ್ತದೆಂಬ ಈ ಮಾತನ್ನು ತಾವು ನೆನಪಿನಲ್ಲಿಡಬೇಕು. ಮುಂದೆ ಒಬ್ಬನ ಪ್ರಾಣ ಅದರ ಮೇಲೆ ನಿಲ್ಲಲಿದೆ.

ಬಳೆಯಿಂದ ಬೀದಿಗೆ ಬರಲು ಇದಕ್ಕೆ ಅರ್ಧ ಶತಮಾನ ಬೇಕಾಯಿತು. ಫ್ರಾನ್ಸಿನ ಗೋಲಾರ್, ಇಂಗ್ಲೆಂಡಿನ ಗಿಬ್ಸ್ ಇಬ್ಬರೂ ಸೇರಿ ತಮ್ಮ ಯಂತ್ರವನ್ನು 1884ರಲ್ಲಿ ಇಟಲಿಯ ಟ್ಯೂರಿನ್ ಪ್ರದರ್ಶನದಲ್ಲಿ ತೋರಿಸಿದರು. 1885ರಲ್ಲಿ ಬುಡಾಪೆಸ್ಟ್ ನಗರದ ಗಾಂಜ್ ಕಾರ್ಖಾನೆಯ ಜಿಪೆರ್ನೋವ್‌ಸ್ಕಿ, ಬ್ಲಾಥಿ, ಡೇರಿ ಎಂಬ ಮೂವರು ಇಂಜಿನಿಯರುಗಳು ಕಬ್ಬಿಣದ ಹಾದಿಯನ್ನು ಎಲ್ಲಿಯೂ ತುಂಡಾಗದಂತೆ ಮುಚ್ಚಿ, ಯಂತ್ರಗಳನ್ನು ಒಂದರ ಪಕ್ಕದಲ್ಲೊಂದು ಜೋಡಿಸುವ ಕ್ರಮವನ್ನು ಬಳಕೆಗೆ ತಂದರು. ಒಂದು ಮನೆಯ ದೀಪ ಆರಿಸಿದರೆ ಇನ್ನೊಂದು ಮನೆಯ ದೀಪಕ್ಕೆ ಬಾಧೆಯಾಗದಿರುವುದು ಈ ಕ್ರಮದಿಂದಲೇ. ಮರುವರ್ಷ, 1886ರ ಮಾರ್ಚಿಯಲ್ಲಿ, ಅಮೆರಿಕದ ಗ್ರೇಟ್ ಬ್ಯಾರಿಂಗ್‌ಟನ್ ಎಂಬ ಊರಿನ ಅಂಗಡಿಬೀದಿಯನ್ನು ವಿಲಿಯಂ ಸ್ಟ್ಯಾನ್ಲಿ ಇದೇ ವಿಧಾನದಿಂದ ಬೆಳಗಿಸಿದನು.

ನಮ್ಮ ನಾಡು ಇದರಲ್ಲಿ ಹಿಂದೆ ಬಿದ್ದಿರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಯೋಜನೆ 1902ರಲ್ಲಿ ಫಲಿಸಿ, ಕಾವೇರಿಯ ಶಕ್ತಿ ಸುಮಾರು 92 ಮೈಲಿ ಪ್ರಯಾಣಮಾಡಿ ಕೋಲಾರದ ಚಿನ್ನದ ಗಣಿಗಳನ್ನು ತಲಪಿತು. ಅಷ್ಟು ದೂರ ಕಡಿಮೆ ವೋಲ್ಟಿನಲ್ಲಿ ಕಳುಹಿಸಿದ್ದರೆ ತಂತಿಯನ್ನು ಬಿಸಿಮಾಡುವುದರಲ್ಲಿಯೇ ಶಕ್ತಿಯೆಲ್ಲ ತೀರುತ್ತಿತ್ತು. ಇಲ್ಲಿ ಟ್ರಾನ್ಸ್‌ಫಾರ್ಮರಿನಿಂದ ಮೂವತ್ತು ಸಾವಿರ ವೋಲ್ಟಿಗೂ ಮೀರಿ ಏರಿಸಿ, ಅಲ್ಲಿ ಮತ್ತೆ ಇಳಿಸಿದ್ದರಿಂದಲೇ ಕಾರ್ಯ ಕೈಗೂಡಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದಿತು. 1930ರ ದಶಕದಲ್ಲಿ ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಫ್ಯಾಕ್ಟರಿಯನ್ನು ತೆರೆದು ಟ್ರಾನ್ಸ್‌ಫಾರ್ಮರನ್ನು ಇಲ್ಲಿಯೇ ತಯಾರಿಸತೊಡಗಿತು. ಇಂದು ಕವಿಕ ಎಂದು ಹೆಸರಾದ ಸಂಸ್ಥೆ ಅದೇ.

ಶಿವನಸಮುದ್ರದ ಆ ಮೊದಲ ವಿದ್ಯುತ್ತು ಸೆಕೆಂಡಿಗೆ 25 ಆವರ್ತಗಳದು. ಇಂದು ನಮ್ಮ ಮನೆಗೆ ಬರುವುದು 50 ಆವರ್ತಗಳದು. ಅಮೆರಿಕದಲ್ಲಿ 60. ಆವರ್ತ ಎಷ್ಟು ನಿಧಾನವೋ ಕಬ್ಬಿಣ ಅಷ್ಟು ಹೆಚ್ಚು ಬೇಕು. ಒಂದೊಂದು ಸಲ ದಿಕ್ಕು ಬದಲಾಗುವುದಕ್ಕೂ ಹೆಚ್ಚು ಹೊತ್ತು ಹಿಡಿಯುವುದರಿಂದ, ಆ ಹೊತ್ತಿನಲ್ಲಿ ಏರುವ ಕಾಂತಶಕ್ತಿಯನ್ನೆಲ್ಲ ಕಬ್ಬಿಣ ತಾಳಿಕೊಳ್ಳಬೇಕು. 60ಕ್ಕೆಂದು ಅಳತೆಯಾಗಿ ಮಾಡಿದ ಕಬ್ಬಿಣಕ್ಕೆ, ಅದೇ ವೋಲ್ಟನ್ನು 50ರಲ್ಲಿ ಕೊಟ್ಟರೆ, ನೂರಕ್ಕೆ ಇಪ್ಪತ್ತು ಪಾಲು ಹೆಚ್ಚು ಕಾಂತಭಾರ ಬೀಳುತ್ತದೆ. ಅದನ್ನು ತಾಳದೆ ಕಬ್ಬಿಣ ತಣಿದುಬಿಟ್ಟರೆ, ಸುರುಳಿ ಮಿತಿಮೀರಿ ವಿದ್ಯುತ್ತನ್ನು ಎಳೆಯುತ್ತದೆ, ಗುಂಯ್‌ಗುಡುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಸುಡುತ್ತದೆ. ಈ ಲೆಕ್ಕವನ್ನೂ ತಾವು ಪಕ್ಕಕ್ಕಿಟ್ಟುಕೊಂಡಿರಿ.

ಇನ್ನು ರೇಡಿಯೋ ಪ್ರಕರಣ. ಮೊದಮೊದಲಿನ ವಾಲ್ವ್ ರೇಡಿಯೋಗಳಿಗೆ ಟ್ರಾನ್ಸ್‌ಫಾರ್ಮರಿನಿಂದ ಊಟ ಬರುತ್ತಿರಲಿಲ್ಲ, ಬ್ಯಾಟರಿಗಳಿಂದ ಬರುತ್ತಿತ್ತು. ವಾಲ್ವಿನೊಳಗಿನ ತಂತಿಯನ್ನು ಕಾಯಿಸಲು ಒಂದು ಬ್ಯಾಟರಿ, ಪ್ಲೇಟಿಗೆ ಹೆಚ್ಚಿನ ವೋಲ್ಟ್ ಒದಗಿಸಲು ಇನ್ನೊಂದು. 1927ರ ಸುಮಾರಿಗೆ ಅಮೆರಿಕದಲ್ಲಿ ಎ.ಸಿ.ಯಿಂದಲೇ ಕಾಯಿಸಬಹುದಾದ ವಾಲ್ವುಗಳೂ, ಎ.ಸಿ.ಯನ್ನು ಒಂದೇ ದಿಕ್ಕಿಗೆ ತಿದ್ದುವ 80 ಎಂಬ ಸಂಖ್ಯೆಯ ರೆಕ್ಟಿಫೈಯರ್ ವಾಲ್ವೂ ಬಳಕೆಗೆ ಬಂದವು. ಬ್ಯಾಟರಿಗಳ ಕೆಲಸವನ್ನೆಲ್ಲ ಗೋಡೆಯ ಪ್ಲಗ್ಗಿನಿಂದ ನಡೆಸಬಲ್ಲ ಟ್ರಾನ್ಸ್‌ಫಾರ್ಮರ್ ಆಗ ರೇಡಿಯೋ ಪೆಟ್ಟಿಗೆಯೊಳಗೆ ಗೃಹಪ್ರವೇಶ ಮಾಡಿತು.

ಬ್ಯಾಟರಿ ಹೋದರೂ ಅದರ ಗುರುತು ಹೋಗಲಿಲ್ಲ. ವಾಲ್ವಿನ ಹೀಟರಿಗೆ 6.3 ವೋಲ್ಟ್ ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಅಂದಿನ ಮೋಟಾರುಗಾಡಿಯ ಬ್ಯಾಟರಿಯಲ್ಲಿ ಮೂರು ಕೋಶಗಳು, ಒಂದೊಂದಕ್ಕೆ 2.1 ವೋಲ್ಟಿನಂತೆ ಮೂರಕ್ಕೆ 6.3. ಕಾರಿನ ರೇಡಿಯೋಗೆಂದು ಮಾಡಿದ ಅಳತೆ ಮನೆಯ ರೇಡಿಯೋಗೂ ಬಂದು, ಅಲ್ಲಿಂದ ಗಿಟಾರಿನ ಪೆಟ್ಟಿಗೆಗೂ ಬಂದು, ಇಂದಿಗೂ ನಿಂತಿದೆ. ಭಾಷೆಯಲ್ಲಿ ಸತ್ತ ಪ್ರತ್ಯಯಗಳು ಶಬ್ದದೊಳಗೆ ಉಳಿದುಕೊಳ್ಳುವುದನ್ನು ನಾವು ಮಕ್ಕಳಿಗೆ ಕಲಿಸುತ್ತೇವಲ್ಲ, ಇದೂ ಹಾಗೆಯೇ.

1935ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಆಕಾಶವಾಣಿ ಎಂಬ ಚೆಲುವಾದ ಹೆಸರಿನ ಬಾನುಲಿ ನಿಲಯವನ್ನು ಆರಂಭಿಸಿದ ಕಾಲಕ್ಕೆ, ವಿದ್ಯುತ್ತಿದ್ದ ಪಟ್ಟಣಗಳ ಮನೆಗಳಲ್ಲಿ ಇಂಥ ಪೆಟ್ಟಿಗೆಗಳು ಬರತೊಡಗಿದ್ದವು. ಕೆಲವು ರೇಡಿಯೋಗಳ ಬೆನ್ನಿನಲ್ಲಿ 110, 200, 220, 240 ಎಂಬ ಅಂಕೆಗಳಿರುವ ತಿರುಗಿಸುವ ಬಿಲ್ಲೆಯೊಂದಿರುತ್ತಿತ್ತು. ಊರೂರಿನ ವೋಲ್ಟ್ ಬೇರೆಬೇರೆಯಾಗಿದ್ದ ಕಾಲದ ಸಾಕ್ಷಿ ಅದು. 1961ರ ಹೊತ್ತಿಗೆ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ರೇಡಿಯೋ ವಾಲ್ವುಗಳನ್ನೂ ತಯಾರಿಸತೊಡಗಿತು. ಆ ತಯಾರಿಕೆ ನಿಂತು ಬಹುಕಾಲವಾಗಿದೆ. ಇಂದು ಹೊಸ ವಾಲ್ವುಗಳು ಬರುವುದು ಸ್ಲೊವಾಕಿಯ, ರಷ್ಯ, ಚೀನ ದೇಶಗಳಿಂದ.

ಗಿಟಾರಿಗೂ ರೇಡಿಯೋಗೂ ಏನು ನಂಟು ಎಂದರೆ, ಅದು ಸೋದರ ಸಂಬಂಧವೇ ಸರಿ. ಅಮೆರಿಕದ ನೃತ್ಯವಾದ್ಯವೃಂದಗಳಲ್ಲಿ ತುತ್ತೂರಿಗಳ ಅಬ್ಬರದ ನಡುವೆ ಗಿಟಾರಿನ ದನಿ ಅಡಗಿಹೋಗುತ್ತಿತ್ತು. 1932ರ ಸುಮಾರಿಗೆ ರಿಕನ್‌ಬ್ಯಾಕರ್ ಕಂಪನಿಯವರು ಅಯಸ್ಕಾಂತದಿಂದ ತಂತಿಯ ಕಂಪನವನ್ನು ಗ್ರಹಿಸುವ ವಿದ್ಯುತ್ ಗಿಟಾರನ್ನು, ಹವಾಯಿಯನ್ ರೀತಿಯಲ್ಲಿ ತೊಡೆಯ ಮೇಲಿಟ್ಟು ನುಡಿಸುವಂಥದನ್ನು, ಮಾರಾಟಕ್ಕೆ ತಂದರು. ಆ ಕ್ಷೀಣವಾದ ಸಂಕೇತವನ್ನು ದೊಡ್ಡದು ಮಾಡಲು ರೇಡಿಯೋದ ಧ್ವನಿಭಾಗವೇ ಸಿದ್ಧವಾಗಿತ್ತು. ಕ್ಯಾಲಿಫೋರ್ನಿಯದ ಫುಲರ್‌ಟನ್ ಎಂಬ ಊರಿನಲ್ಲಿ ಲಿಯೊ ಫೆಂಡರ್ 1938ರಲ್ಲಿ ತೆರೆದದ್ದು ರೇಡಿಯೋ ರಿಪೇರಿಯ ಅಂಗಡಿಯನ್ನು. ಅವನು ಓದಿದ್ದು ಲೆಕ್ಕಪತ್ರ ವಿದ್ಯೆ. ರೇಡಿಯೋ ವಿದ್ಯೆ ಸ್ವಂತ ಕಲಿಕೆ. 1946ರಲ್ಲಿ ತನ್ನ ಹೆಸರಿನ ಕಂಪನಿ ಕಟ್ಟಿ ಅವನು ಮಾಡಿದ ಆಂಪ್ಲಿಫೈಯರುಗಳಲ್ಲಿ ಇದ್ದವು ಆ ಕಾಲದ ರೇಡಿಯೋಗಳಲ್ಲಿಯೂ ಕಾಣುವ ವಾಲ್ವುಗಳೇ: 6ವಿ6 ಎಂಬ ಔಟ್‌ಪುಟ್ ವಾಲ್ವು, 80ರ ಸಂತಾನವಾದ 5ವೈ3 ಎಂಬ ರೆಕ್ಟಿಫೈಯರ್. 6ವಿ6 ಒಂದೇ ಇರುವ ಚಾಂಪ್ ಎಂಬ ಪುಟ್ಟ ಪೆಟ್ಟಿಗೆಗೂ, ಎರಡಿರುವ ಡಿಲಕ್ಸ್ ಎಂಬ ಪೆಟ್ಟಿಗೆಗೂ ಇಂದಿಗೂ ಮೋಹಿತರು ಅನೇಕ. ನನ್ನ ವಿದ್ಯಾರ್ಥಿ ಕಟ್ಟಹೊರಟದ್ದು 1955ರಿಂದ 1960ರ ವರೆಗೆ ಬಂದ ಡಿಲಕ್ಸಿನ ಮಾದರಿಯನ್ನು.

ಕಥೆ ಅಲ್ಲಿಗೇ ನಿಲ್ಲದೆ ಸಮುದ್ರ ದಾಟಿತು. 1962ರಲ್ಲಿ ಲಂಡನ್ನಿನ ಹ್ಯಾನ್‌ವೆಲ್ ಎಂಬಲ್ಲಿ ವಾದ್ಯದ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್, ಆಮದಾಗುವ ಅಮೆರಿಕದ ಪೆಟ್ಟಿಗೆಗಳ ಬೆಲೆ ಗಿರಾಕಿಗಳಿಗೆ ಎಟುಕದೆ ಇದ್ದುದರಿಂದ, ಕೆನ್ ಬ್ರಾನ್ ಮತ್ತು ಡಡ್ಲಿ ಕ್ರೇವನ್ ಎಂಬ ಇಬ್ಬರೊಡನೆ ಫೆಂಡರನ ಬಾಸ್‌ಮನ್ ಪೆಟ್ಟಿಗೆಯನ್ನು ಅನುಸರಿಸಿ ತನ್ನದನ್ನು ಮಾಡಿದನು. ಇಂಗ್ಲೆಂಡಿನ ವಿದ್ಯುತ್ತು ಆಗ 240 ವೋಲ್ಟಿನದು, 50 ಆವರ್ತಗಳದು. ಅಮೆರಿಕದ ಟ್ರಾನ್ಸ್‌ಫಾರ್ಮರನ್ನು ಅಲ್ಲಿ ನೇರವಾಗಿ ಹೂಡುವಂತಿರಲಿಲ್ಲ. ಆತನು ತನ್ನ ದೇಶದಲ್ಲಿ ಸಿಕ್ಕುವ ಕಬ್ಬಿಣವನ್ನೇ ಹಾಕಿದನು. ನಕಲಿಗೆ ಹೊರಟವನ ಕೈಯಲ್ಲಿ ವಾಲ್ವೂ ಕಬ್ಬಿಣವೂ ಬೇರೆಯಾಗಿ ಹೊಸದೊಂದು ದನಿ ಹುಟ್ಟಿತು. ಲೋಕದ ತುಂಬ ಆ ದನಿಗೆ ಮನ್ನಣೆ ದೊರಕಿದ್ದು ತಮಗೆ ತಿಳಿದೇ ಇದೆ. ಪ್ರತಿಯನ್ನು ಬರೆಯುವ ಲಿಪಿಕಾರನು ತನ್ನ ಸೀಮೆಯ ನುಡಿಗೆ ತಿದ್ದಿಕೊಂಡರೆ ಪಾಠಾಂತರ ಹುಟ್ಟುವುದಿಲ್ಲವೆ? ಹಾಗೆ.

ಇಷ್ಟು ಪೂರ್ವಪೀಠಿಕೆಯಾದ ಮೇಲೆ ಆಯ್ಕೆಯ ವಿಚಾರಕ್ಕೆ ಬರೋಣ. ವಿದ್ಯಾರ್ಥಿಗೆ ನಾನು ಹೇಳಿದ ಮಾತುಗಳು ನಾಲ್ಕು.

ಮೊದಲನೆಯದು ಪ್ರಾಣದ ಮಾತು. ಗಿಟಾರ್ ನುಡಿಸುವವನ ಬೆರಳು ಲೋಹದ ತಂತಿಯ ಮೇಲಿರುತ್ತದೆ. ಆ ತಂತಿ ಕೇಬಲಿನ ಹೊರಹೆಣಿಗೆಯ ಮೂಲಕ ಆಂಪ್ಲಿಫೈಯರಿನ ಚಾಸಿಗೆ ಕೂಡಿರುತ್ತದೆ. ಚಾಸಿಗೆ ಮನೆಯ ವಿದ್ಯುತ್ತು ತಾಗಿದರೆ ಬೆರಳಿಗೂ ತಾಗಿತೆಂದೇ ಅರ್ಥ. ಹಿಂದೆ ಎ.ಸಿ./ಡಿ.ಸಿ. ಎಂಬ ರೇಡಿಯೋಗಳಿದ್ದವು, ಅವುಗಳಲ್ಲಿ ಪವರ್ ಟ್ರಾನ್ಸ್‌ಫಾರ್ಮರೇ ಇಲ್ಲ, ಚಾಸಿ ನೇರವಾಗಿ ಮೈನ್ಸಿಗೆ ಕೂಡಿರುತ್ತದೆ. ರೇಡಿಯೋಗೆ ಮರದ ಪೆಟ್ಟಿಗೆಯ ಮರೆಯಿತ್ತು, ಕೇಳುವವನು ಮುಟ್ಟುತ್ತಿದ್ದುದು ಬಿರಡೆಯನ್ನು ಮಾತ್ರ. ಆದರೆ ಅಮೆರಿಕದಲ್ಲಿ ಅಗ್ಗದ ಆಸೆಗೆ ಅದೇ ಕ್ರಮದಲ್ಲಿ ಗಿಟಾರಿನ ಆಂಪ್ಲಿಫೈಯರುಗಳನ್ನೂ ಮಾಡಿ ಎಳೆಯ ಕಲಿಕೆಗಾರರಿಗೆ ಮಾರಿದ್ದುಂಟು. ಅಂಥದನ್ನು ಕೈಯಿಂದ ಮುಟ್ಟಬಾರದು. ಫ್ಯಾರಡೆಯ ಬಳೆಯಲ್ಲಿ ತಂತಿಗೆ ತಂತಿ ತಾಗಿರಲಿಲ್ಲವೆಂದೆನಲ್ಲ, ಆ ಅಗಲಿಕೆಯೇ ವಾದಕನ ರಕ್ಷೆ. ಟ್ರಾನ್ಸ್‌ಫಾರ್ಮರಿನ ಪ್ರೈಮರಿಗೂ ಸೆಕೆಂಡರಿಗೂ ನಡುವಣ ಹೊದಿಕೆ ಭದ್ರವಾಗಿರಬೇಕು. ಚಾಸಿಯನ್ನು ಮೂರು ಪಿನ್ನಿನ ಪ್ಲಗ್ಗಿನ ಅರ್ತಿಂಗಿಗೆ ತಪ್ಪದೆ ಸೇರಿಸಿರಬೇಕು.

ಎರಡನೆಯದು ನಾಡಿನ ಮಾತು. ಚಿಕ್ಕಪ್ಪ ಕಳುಹಿಸಿದ ಟ್ರಾನ್ಸ್‌ಫಾರ್ಮರಿನ ಮೈಮೇಲೆ 120 ವೋಲ್ಟ್, 60 ಆವರ್ತ ಎಂದಷ್ಟೇ ಅಚ್ಚಾಗಿತ್ತು. “230ನ್ನು 120ಕ್ಕೆ ಇಳಿಸುವ ಸಣ್ಣ ಪೆಟ್ಟಿಗೆ ಸಿಗುತ್ತದಲ್ಲ, ಮೇಷ್ಟ್ರೇ” ಎಂದ ಹುಡುಗ. ಸಿಗುತ್ತದೆ. ಆದರೆ ಆ ಪೆಟ್ಟಿಗೆ ವೋಲ್ಟನ್ನು ಇಳಿಸೀತೇ ಹೊರತು ಆವರ್ತವನ್ನು ಬದಲಿಸಲಾರದು. ಐವತ್ತು ಐವತ್ತಾಗಿಯೇ ಉಳಿಯುತ್ತದೆ. ಕೋಲಾರದ ಲೆಕ್ಕ ಇಲ್ಲಿ ಬಂತು ನೋಡಿ. 60ಕ್ಕೆ ಮಾತ್ರ ಮಾಡಿದ ಕಬ್ಬಿಣ ನಮ್ಮಲ್ಲಿ ಇಪ್ಪತ್ತು ಪಾಲು ಹೆಚ್ಚಿನ ಹೊರೆ ಹೊರಬೇಕಾಗುತ್ತದೆ. 50/60 ಎಂದು ಬರೆದಿರುವುದಾದರೆ ಚಿಂತೆಯಿಲ್ಲ. ಇಂಗ್ಲೆಂಡಿಗೆಂದು 240 ವೋಲ್ಟ್, 50 ಆವರ್ತಕ್ಕೆ ಮಾಡಿದ್ದಾದರೆ ನಮ್ಮಲ್ಲಿಯೂ ಸುಖವಾಗಿ ನಡೆದೀತು. ವೋಲ್ಟ್ ನೂರಕ್ಕೆ ನಾಲ್ಕರಷ್ಟು ಕಡಿಮೆ ಬಂದೀತು, ಅದರಿಂದ ಕೇಡಿಲ್ಲ. ಹೆಚ್ಚಾದರೆ ಮಾತ್ರ ಕೇಡು. ಮನೆಯ ವಿದ್ಯುತ್ತು 245ಕ್ಕೆ ಏರಿದರೆ, 230ಕ್ಕೆ ಮಾಡಿದ ಟ್ರಾನ್ಸ್‌ಫಾರ್ಮರಿನ 6.3 ವೋಲ್ಟ್ 6.7 ಆಗುತ್ತದೆ. ಆದ್ದರಿಂದ ತಮ್ಮ ಬೀದಿಯ ವೋಲ್ಟನ್ನು ಬೇರೆಬೇರೆ ಹೊತ್ತಿನಲ್ಲಿ ಅಳೆದು, ಅದಕ್ಕೆ ಹೊಂದುವ ಪ್ರೈಮರಿಯನ್ನು ಕೇಳಬೇಕು. ಹಳೆಯ ರೇಡಿಯೋದ ಬಿಲ್ಲೆಯಂತೆ 220, 230, 240 ಎಂದು ಮೂರು ತುದಿ ತೆಗೆಸಿಕೊಂಡರೆ ಇನ್ನೂ ಉತ್ತಮ.

ಮೂರನೆಯದು ಏರುವೋಲ್ಟಿನ ಮಾತು, ರಿಪೇರಿಯವರು ಎಚ್.ಟಿ. ಎನ್ನುವುದು ಇದನ್ನೇ. ಡಿಲಕ್ಸಿನಂಥ ಪೆಟ್ಟಿಗೆಗೆ 325-0-325 ವೋಲ್ಟಿನ ಸುತ್ತನ್ನು ತೆಗೆದುಕೊಳ್ಳೋಣ. ಎ.ಸಿ.ಯ 325ಕ್ಕೆ ಶಿಖರ 325ರ 1.41 ಪಟ್ಟು, ಎಂದರೆ ಸುಮಾರು 460 ವೋಲ್ಟ್. 5ವೈ3 ರೆಕ್ಟಿಫೈಯರ್ ತನ್ನ ಪಾಲಿನದನ್ನು ನುಂಗಿ, ಹೊರೆ ಬಿದ್ದ ಮೇಲೆ, ವಾಲ್ವುಗಳಿಗೆ 360-370ರ ಆಸುಪಾಸಿನಲ್ಲಿ ದಕ್ಕುತ್ತದೆ. ಅದೇ ಕುಳಿಗೆ ಜಿಜೆಡ್34 ಎಂಬ ರೆಕ್ಟಿಫೈಯರ್ ಕೂಡ ಕೂರುತ್ತದೆ. ಆದರೆ ಅದು ನುಂಗುವುದು ಕಡಿಮೆಯಾದ್ದರಿಂದ ವಾಲ್ವಿನ ಮೇಲೆ ಮೂವತ್ತು-ನಲವತ್ತು ವೋಲ್ಟ್ ಹೆಚ್ಚು ಬೀಳುತ್ತದೆ. ಸಿಲಿಕಾನ್ ಡಯೋಡ್ ಹಾಕಿದರೆ ಇನ್ನೂ ಹೆಚ್ಚು. ಹಳೆಯ ಕೈಪಿಡಿಗಳು 6ವಿ6ರ ಪ್ಲೇಟಿಗೆ ವಿಧಿಸಿದ್ದ ಮಿತಿಯೇ 315 ವೋಲ್ಟ್. ಫೆಂಡರ್ ಅದನ್ನು ಆಗಲೇ ಮೀರಿದ್ದನು. ಆದಕಾರಣ ಟ್ರಾನ್ಸ್‌ಫಾರ್ಮರನ್ನೂ ರೆಕ್ಟಿಫೈಯರನ್ನೂ ವಧೂವರರಂತೆ ಜೊತೆಯಾಗಿಯೇ ಆರಿಸಬೇಕು. ಒಂದನ್ನು ಬದಲಿಸಿ ಒಂದನ್ನು ಉಳಿಸಿದರೆ ಸಂಸಾರ ಕೆಡುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. 5ವೈ3 ಬಲುಬೇಗ ಕಾಯುತ್ತದೆ. 6ವಿ6 ನಿಧಾನವಾಗಿ ಕಾಯುತ್ತದೆ. ಆ ಕೆಲವು ಸೆಕೆಂಡು ಹೊರೆಯೇ ಇಲ್ಲದೆ, ಶಿಖರದ 460 ವೋಲ್ಟೂ ಕಂಡೆನ್ಸರುಗಳ ಮೇಲೆ ನಿಲ್ಲುತ್ತದೆ. 450 ವೋಲ್ಟಿನ ಕಂಡೆನ್ಸರ್ ಹಾಕಿದವನು ಪ್ರತಿ ಸಂಜೆಯೂ ಅದೃಷ್ಟವನ್ನು ಪರೀಕ್ಷಿಸಿದಂತೆ. 500 ವೋಲ್ಟಿನದನ್ನೇ ಹಾಕಬೇಕು.

ನಾಲ್ಕನೆಯದು ಹೊರೆಯ ಮಾತು. ಎರಡು 6ವಿ6ಗಳೂ ಸಣ್ಣ ವಾಲ್ವುಗಳೂ ಸೇರಿ ಎಚ್.ಟಿ.ಯಿಂದ ಎಳೆಯುವುದು ಸುಮಾರು 80 ಮಿಲಿಆಂಪಿಯರ್. 100ಕ್ಕೆ ತಾಳುವಂಥದನ್ನು ಕೇಳಬೇಕು. ಹೀಟರಿನ ಲೆಕ್ಕ ಇನ್ನೂ ಸುಲಭ. 6ವಿ6 ಒಂದಕ್ಕೆ 0.45 ಆಂಪಿಯರ್, 12ಎಎಕ್ಸ್7 ಅಥವಾ 12ಎವೈ7 ಒಂದಕ್ಕೆ 0.3. ಎರಡೆರಡಕ್ಕೆ ಕೂಡಿ 1.5 ಆಂಪಿಯರ್, 3 ಆಂಪಿಯರಿನ ಸುತ್ತು ಹಾಕಿಸಿದರೆ ತಣ್ಣಗಿರುತ್ತದೆ. ರೆಕ್ಟಿಫೈಯರಿಗೆ ಬೇರೆಯೇ 5 ವೋಲ್ಟ್, 2 ಆಂಪಿಯರ್. ಎಲ್ಲವನ್ನೂ ಗುಣಿಸಿ ಕೂಡಿದರೆ 65, 19, 10: ಒಟ್ಟು 94, ಎಂದರೆ ನೂರು ವೋಲ್ಟ್-ಆಂಪಿಯರಿನ ಕಬ್ಬಿಣ. ಹೊಟ್ಟೆಗಿಂತ ತುಸು ದೊಡ್ಡ ಪಾತ್ರೆಯಲ್ಲಿ ಅನ್ನ ಮಾಡುವುದು ಗೃಹಿಣಿಯರಿಗೆ ಗೊತ್ತಿರುವ ನೀತಿಯೇ. ಆದರೆ ಮಿತಿಮೀರಿ ದೊಡ್ಡದಾದರೂ ದೋಷವುಂಟು: ಹೊರೆ ಸಾಲದೆ ವೋಲ್ಟುಗಳೆಲ್ಲ ಬರೆದದ್ದಕ್ಕಿಂತ ಮೇಲೆ ನಿಲ್ಲುತ್ತವೆ, ಮತ್ತು ಜೋರಾಗಿ ಮೀಟಿದಾಗ ಹಳೆಯ ಪೆಟ್ಟಿಗೆ ಒಂದಿಷ್ಟು ಬಾಗಿ ಏಳುವ ಆ ಸೊಗಸು ಕಡಿಮೆಯಾಗುತ್ತದೆ.

ಈ ನಾಲ್ಕು ತಕ್ಕಡಿಯಲ್ಲಿ ತಾತನ ರೇಡಿಯೋವನ್ನು ತೂಗಿದೆವು. ಅಜ್ಜಿಯವರ ಅನುಮತಿ ಪಡೆದು ಹಿಂದಿನ ರಟ್ಟನ್ನಷ್ಟೇ ತೆಗೆದು ನೋಡಿದಾಗ, ಪುಣ್ಯಕ್ಕೆ ಅದು ಟ್ರಾನ್ಸ್‌ಫಾರ್ಮರ್ ಇದ್ದ ರೇಡಿಯೋ. ಅಳತೆ 250-0-250 ವೋಲ್ಟ್. ಗಾತ್ರ ನೋಡಿದರೆ 60-70 ಮಿಲಿಆಂಪಿಯರಿಗಿಂತ ಹೆಚ್ಚಿಗೆ ಆಗದು. ಒಂದೇ 6ವಿ6 ಇರುವ ಚಾಂಪಿನಂಥ ಪುಟ್ಟ ಪೆಟ್ಟಿಗೆಗೆ ಅದು ಸಾಲುತ್ತದೆ, ಅಂಥವನ್ನು ಹಳೆಯ ರೇಡಿಯೋದಿಂದ ಕಟ್ಟಿದವರು ಬಹಳ ಮಂದಿ. ಎರಡರ ಡಿಲಕ್ಸಿಗೆ ಸಾಲದು. ಎತ್ತಿನ ಗಾಡಿಗೆ ಕರುವನ್ನು ಕಟ್ಟಿದಂತಾದೀತು.

ಈ ಮಾತು ಹೇಳುವಾಗ ನನಗೆ ತಂದೆಯವರ ಅಂಗಡಿಯ ಒಂದು ಸಂಜೆ ನೆನಪಾಯಿತು. ಒಬ್ಬ ಗಿರಾಕಿ ಹೊಗೆಯಾಡುವ ರೇಡಿಯೋ ತಂದಿದ್ದರು. ಫ್ಯೂಸು ಪದೇ ಪದೇ ಹೋಗುತ್ತದೆಂದು ಅದರ ಜಾಗದಲ್ಲಿ ದಪ್ಪ ತಾಮ್ರದ ತಂತಿಯನ್ನು ಬಿಗಿದಿದ್ದರು. ಒಳಗೊಂದು ಕಂಡೆನ್ಸರ್ ಕೆಟ್ಟು ದೂರು ಹೇಳುತ್ತಿತ್ತು. ದೂರು ಹೇಳುವ ಬಾಯನ್ನೇ ಮುಚ್ಚಿದ್ದರಿಂದ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿತ್ತು. ತಂದೆಯವರು ಗದರಲಿಲ್ಲ. “ಹತ್ತು ಪೈಸೆಯ ಫ್ಯೂಸು ಸಾಯೋದು ಮನೆಯನ್ನ ಉಳಿಸೋದಕ್ಕೆ ಕಣಪ್ಪ” ಎಂದರು. ನಮ್ಮ ಡಿಲಕ್ಸಿನ ಪ್ರೈಮರಿಗೆ ನಿಧಾನವಾಗಿ ಕರಗುವ 1 ಆಂಪಿಯರಿನ ಫ್ಯೂಸನ್ನು ಹಾಕಿಸಿದ್ದು ಅದೇ ನೆನಪಿನಲ್ಲಿ.

ಕೊನೆಗೆ ಹುಡುಗ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಒಂದು ಚೀಟಿಯಲ್ಲಿ ಮೇಲಿನ ಅಂಕೆಗಳನ್ನೆಲ್ಲ ಬರೆದುಕೊಟ್ಟು, ಹೊಸದನ್ನು ಸುತ್ತಿಸಿಕೊಂಡು ಬಂದ. ಸುತ್ತುಗಳ ನಡುವೆ ಚಾಸಿಗೆ ಕೂಡುವ ತಾಮ್ರದ ತೆರೆಯನ್ನೂ ಹಾಕಿಸಿದ್ದ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಿಂದ ದೂರ, ಅದಕ್ಕೆ ಅಡ್ಡಲಾಗಿ ಕೂರಿಸಿದೆವು. ಎರಡೂ ಒಂದೇ ಮುಖವಾಗಿ ಕೂತರೆ ಒಂದರ ಗುಂಯ್‌ಕಾರ ಇನ್ನೊಂದರ ಕಿವಿಗೆ ಬೀಳುತ್ತದೆ. ಮೊದಲ ಸಲ ವಿದ್ಯುತ್ತು ಕೊಡುವಾಗ, ರಿಪೇರಿಯವರ ಹಳೆಯ ಪದ್ಧತಿಯಂತೆ, ಮೈನ್ಸಿನ ಹಾದಿಯಲ್ಲಿ ಹಳೆಯ ತಂತಿಯ ಬಲ್ಬೊಂದನ್ನು ಸರಣಿಯಾಗಿ ಇಟ್ಟೆವು. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಕ್ಷೇಮ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ತಪ್ಪಿದೆಯೆಂದು ತಿಳಿದು ಆರಿಸಬೇಕು. ನಮ್ಮದು ಬೆಳಗಿ ಮಂಕಾಯಿತು.

ವಾಚಕರಲ್ಲಿ ಯಾರಾದರೂ ಉತ್ಸಾಹಿಗಳಿದ್ದರೆ ಅವರಿಗೆ ಒಂದೇ ಬಿನ್ನಹ. ಪ್ಲಗ್ಗನ್ನು ಕಿತ್ತ ಮೇಲೆಯೂ ಕಂಡೆನ್ಸರುಗಳಲ್ಲಿ ನೂರಾರು ವೋಲ್ಟ್ ಅವಿತುಕೊಂಡಿರುತ್ತದೆ. ರೆಸಿಸ್ಟರಿನ ಮೂಲಕ ಅದನ್ನು ಇಳಿಸಿ, ಮೀಟರಿನಿಂದ ಅಳೆದು ಸೊನ್ನೆಯೆಂದು ಕಂಡ ಹೊರತು ಒಳಗೆ ಕೈಯಿಡಬಾರದು. ಪಳಗಿದವರೊಬ್ಬರು ಪಕ್ಕದಲ್ಲಿಲ್ಲದೆ ಈ ಕೆಲಸಕ್ಕೆ ತೊಡಗಲೂಬಾರದು.

ಇನ್ನು ತಾತನ ರೇಡಿಯೋ. ಕೆಟ್ಟದ್ದು ಅದರ ಟ್ರಾನ್ಸ್‌ಫಾರ್ಮರಲ್ಲ; ಎರಡು ಹಳೆಯ ಕಂಡೆನ್ಸರುಗಳು ಒಣಗಿದ್ದವು, ಅಷ್ಟೆ. ಡಿಲಕ್ಸಿಗೆ ತಂದು ಉಳಿದ ಬಿಡಿಭಾಗಗಳಲ್ಲಿಯೇ ಅದೂ ಸರಿಯಾಯಿತು. ಬಿಚ್ಚಿ ತೆಗೆದಿದ್ದರೆ ಹುಡುಗನಿಗೆ ಸಾಲದ ಟ್ರಾನ್ಸ್‌ಫಾರ್ಮರೂ ಅಜ್ಜಿಗೆ ಖಾಲಿ ಪೆಟ್ಟಿಗೆಯೂ ಉಳಿಯುತ್ತಿದ್ದವು. ಗುಂಡಿಯನ್ನು ತಿರುಗಿಸಿ ಅರ್ಧ ನಿಮಿಷ ಕಾದ ಮೇಲೆ, ಮೊದಲು ಸಣ್ಣ ಗುಂಯ್‌ಕಾರವೂ ಆಮೇಲೆ ಪ್ರದೇಶ ಸಮಾಚಾರದ ದನಿಯೂ ಕೇಳಿಬಂದವು. ಅಜ್ಜಿಯವರು ಸಮಾಚಾರವನ್ನು ಕೇಳಲಿಲ್ಲ. ಪೆಟ್ಟಿಗೆಯ ಬೆನ್ನ ಮೇಲೆ ಅಂಗೈಯಿಟ್ಟು, “ಬೆಚ್ಚಗಾಯಿತು ನೋಡು. ಅವರು ಇದ್ದಾಗಲೂ ಬೆಕ್ಕು ಬಂದು ಇಲ್ಲೇ ಮಲಗೋದು” ಎಂದರು.

ಆ ಬಿಸುಪು ಬರುತ್ತಿದ್ದುದರಲ್ಲಿ, ಯಾರೂ ಕೇಳದ ಆ ಕಪ್ಪು ಗಡ್ಡೆಯ ಪಾಲೂ ಇತ್ತು.